ಬೀಗರ ತಂಬಿಗೆ

ಮೂರನೆಯ ಇಯತ್ತೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಏಳರ ಮಗ್ಗಿ ಬರೆಯುತ್ತಿದ್ದೆ. ಬೆನ್ನ ಹಿಂದೆ ಟಕ್ ಎಂದು ಸದ್ದಾಯಿತು. ತಿರುಗುವಷ್ಟರಲ್ಲಿ ಮೆಹಬೂಬಿ ಹಣೆ ಹಿಡಿದುಕೊಂಡು ಅಳತೊಡಗಿದಳು. ಅವಳ ಬೆರಳ ಸಂದಿಯಿಂದ ರಕ್ತ ಎಳೆಯಾಗಿ ಇಳಿಯುತ್ತಿತ್ತು. ಕಾಲ ಬಳಿ ನೆಲದ ಪರಸಿ ಕಲ್ಲಿನ ಮೇಲೆ ಬರೆಯುವ ಪಾಟಿಯೊಂದು ಬಿದ್ದಿತ್ತು, ಅದರ ಕಟ್ಟಿಗೆಯ ಚೌಕಟ್ಟು ಒಂದು ಮೂಲೆಯಲ್ಲಿ ಬಿಚ್ಚಿಕೊಂಡಿತ್ತು.

"ಪುತಳಿ ಒಗದಳ್ರೀ ಟೀಚರ್!"

"ನಾ ಏನೂ ಮಾಡಿಲ್ರೀ, ಬರೇ ಅಕಿ ಪಾಟಿ ಮುಟ್ಟಿದ್ದೆ," ಎಂದು ಮೆಹಬೂಬಿ ಬಿಕ್ಕಿದಳು.

ಪುತಳಿ, ಹಾಜರಿಯಲ್ಲಿ ಪುತಳಾಬಾಯಿ, ಆಗಲೇ ಬಾಗಿಲ ಸಂದಿಯಲ್ಲಿ ಸೇರಿಕೊಂಡಿದ್ದಳು. ಎಂಟು ವರ್ಷದ ಹುಡುಗಿ, ಮೊಳಕಾಲೊಳಗೆ ಮುಖ ಹುದುಗಿಸಿ, ಗಂಟಲು ಹರಿಯುವ ಹಾಗೆ ಚೀರುತ್ತಿದ್ದಳು. ಮೆಹಬೂಬಿಯ ಹಣೆಗೆ ಒದ್ದೆ ಅರಿವೆ ಒತ್ತಿಹಿಡಿಯಲು ಅಮೃತಳಿಗೆ ಹೇಳಿ ನಾನು ಪುತಳಿಯ ಹತ್ತಿರ ಹೋಗಿ ಕುಳಿತೆ.

"ಯಾಕ ಒಗದಿ? ಏನಾತು? ಯಾರು ಏನಂದ್ರು? ಹೇಳವ್ವಾ, ನನ್ನ ಮುಂದ ಹೇಳು."

ನನ್ನ ಒಂದೊಂದು ಪ್ರಶ್ನೆಗೂ ಅವಳ ದನಿ ಒಂದೊಂದು ಮೆಟ್ಟಿಲು ಏರಿತು. ಅಷ್ಟರಲ್ಲಿ ಇಡೀ ಇಯತ್ತೆ ನನ್ನ ಸುತ್ತ ಬಂದು ನಿಂತು, "ಯಾಕ ಪುತಳಿ, ಏನಾತು ಪುತಳಿ" ಎಂದು ಕೇಳತೊಡಗಿತ್ತು. ಭುಜದ ಮೇಲೆ ಕೈ ಇಟ್ಟೆ. ಕೈಗೆ ಕಚ್ಚಿದಳು.

ಹೆಡ್‌ಮಾಸ್ತರರು ಕಾಶಿರಾಯ. ಕೋಲು ಹಿಡಿಯುತ್ತಿದ್ದರು, ಹೊಡೆದದ್ದನ್ನು ನಾನು ಕಂಡಿಲ್ಲ. ಆದರೆ ಅವರ ಮಾತು ಮಾತ್ರ ಎರಡಾಗುತ್ತಿರಲಿಲ್ಲ. ಮಧ್ಯಾಹ್ನ ಬಾಳೆ ತೋಟದಿಂದ ಪುತಳಿಯ ಅಪ್ಪ ಭಾಗಪ್ಪನನ್ನು ಕರೆಸಿದರು. ಅವನ ಕೈಯೆಲ್ಲ ಬಾಳೆ ರಸದ ಕಪ್ಪು ಕಲೆ. ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ಕೆಲಸ ಮಾಡುವವರ ಕೈಗಳೆಲ್ಲ ಹಾಗೇ ಇರುತ್ತಿದ್ದವು.

"ನೋಡಪಾ ಭಾಗಪ್ಪ, ಇನ್ನೊಂದ್ ಸಲ ನಿನ್ನ ಮಗಳು ಯಾರಿಗಾರ ಹೊಡದ್ಳಂದ್ರ ಸಾಲಿಯಿಂದ ಹೆಸರು ತಗೀತೀನಿ."

"ಈಗೇ ತಗೀರಿ ಸರ," ಎಂದ ಭಾಗಪ್ಪ. ಸಿಟ್ಟಿನಿಂದಲ್ಲ, ದಣಿವಿನಿಂದ. "ಮನ್ಯಾಗ ಕೂಸು ಅದ. ಅವರವ್ವ ನನ್ನ ಕೂಡ ತ್ವಾಟಕ್ಕ ಬರ್ತಾಳ. ಕೂಸು ನೋಡಾಕ ಒಬ್ಬರು ಬೇಕೇ ಬೇಕು. ಅದಕ್ಕೇ ಇಕಿನ್ನ ಅವರಜ್ಜಿ ಊರಿಂದ ತಂದೀನಿ. ಇಕಿ ಸಾಲಿ ಸಾಲಿ ಅಂತ ಅತ್ತಳಂತ ಇಲ್ಲಿಗಿ ಹಚ್ಚೀನಿ. ಇಲ್ಲಿ ಬಂದು ಬಿ ಅಳತಾಳಂದ್ರ ಮನ್ಯಾಗೇ ಅಳಲಿ."

ಪುತಳಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮೂಲೆ ಬಿಚ್ಚಿದ ಪಾಟಿ. ಅಪ್ಪನ ಮಾತು ಕೇಳಿ ಅದನ್ನು ಎದೆಗೆ ಅವಚಿಕೊಂಡದ್ದನ್ನು ನಾನು ನೋಡಿದೆ. ದಿನಾ ಬೆಳಿಗ್ಗೆ ನಾನು ಬಸ್ಸಿಳಿದು ಬರುವಾಗ ಎಲ್ಲರಿಗಿಂತ ಮೊದಲು ಬಂದು ಹೊಸ್ತಿಲ ಮೇಲೆ ಕೂತಿರುತ್ತಿದ್ದ ಹುಡುಗಿ ಅವಳು.

"ಇರ್ಲಿ ಸರ, ನಾ ನೋಡ್ಕೋತೀನಿ," ಎಂದೆ.

"ಹ್ಯಾಂಗ ನೋಡ್ಕೋತೀರಿ ಜಯದೇವಿ ಟೀಚರ್?" ಎಂದರು ಕಾಶಿರಾಯರು.

ನನಗೆ ಗೊತ್ತಿರಲಿಲ್ಲ.

*

ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕಮಲಾಪುರದಿಂದ ಕಲಬುರಗಿವರೆಗೆ ಅವತ್ತು ಬಸ್ಸಿನಲ್ಲಿ ನಿಂತೇ ಬಂದೆ. ಮನೆ ಮುಟ್ಟಿದಾಗ ಅತ್ತೆ ದುಂಡಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾಲ್ಕು ವರ್ಷದ ಮಗ ಮಲ್ಲಣ್ಣ ಅವರ ಬೆನ್ನಿಗೆ ಆತುಕೊಂಡು ಹಿಟ್ಟಿನ ಹಾವು ಮಾಡುತ್ತಿದ್ದ. ನಾನು ಚೀಲ ಇಟ್ಟು ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದೆ.

ಅತ್ತೆ ತಿರುಗಿ ನನ್ನ ಮುಖ ನೋಡಿದರು. ಹಿಟ್ಟಿನ ಕೈಯಲ್ಲೇ ತಂಬಿಗೆ ತುಂಬಿ ನನ್ನ ಮುಂದಿಟ್ಟರು, ಅದರ ಬಾಜು ಒಂದು ಚೂರು ಬೆಲ್ಲ. ಮತ್ತೆ ಒಲೆಯ ಕಡೆ ತಿರುಗಿದರು. ರೊಟ್ಟಿ ಬಡಿಯುವ ಸದ್ದು, ಹಂಚಿನ ಮೇಲೆ ನೀರು ಸವರಿದಾಗ ಚುಂಯ್ ಎನ್ನುವ ಸದ್ದು. ನೀರು ಕುಡಿದೆ. ಬೆಲ್ಲ ಬಾಯಲ್ಲಿ ಕರಗಿತು. ಅತ್ತೆ ಇನ್ನೊಂದು ರೊಟ್ಟಿ ಹಾಕಿದರು. ಅದು ಬೆಂದು, ಮತ್ತೊಂದು ಬೆಂದು, ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ನಾನಾಗಿಯೇ ಮಾತು ಶುರುಮಾಡಿದ್ದೆ. ಪಾಟಿ, ರಕ್ತ, ಭಾಗಪ್ಪನ ಮಾತು, ನನ್ನ ಕೈಯ ಮೇಲಿನ ಹಲ್ಲಿನ ಗುರುತು, ಎಲ್ಲ ಹೇಳಿದೆ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಅರ್ಧ ಇಳಿದಿತ್ತು.

"ಅತ್ತಿ, ನಾ ಬಂದ ಕೂಡ್ಲೇ ಏನಾತು ಅಂತ ಯಾಕ ಕೇಳಲಿಲ್ಲ?"

"ಹಂಚಿನ ಮ್ಯಾಲ ರೊಟ್ಟಿ ಇತ್ತು. ನಿನ್ನ ಕೇಳ್ಕೋತ ಕುಂತ್ರ ಸೀದು ಹೋಗ್ತಿತ್ತಿಲ್ಲ?"

ನಗು ಬಂತು. ಅವರು ನಗಲಿಲ್ಲ. ಹಿಟ್ಟು ಒತ್ತುತ್ತಲೇ ಹೇಳಿದರು, "ಅಲ್ಲವ್ವಾ, ಬೀಗರು ಬಂದ್ರ ಹ್ಯಾಂಗ ಮಾಡ್ತೀವಿ? ಬಿಸಲಾಗ ಬಂದಿರ್ತಾರ, ಬಸ್ಸಿನಾಗ ನಿಂತು ಬಂದಿರ್ತಾರ. ಮೊದಲ ನೀರು. ಕುಂಡ್ರಾಕ ಒಂದು ಕೌದಿ. ಆಮ್ಯಾಲ ಅವರೇ ಹೇಳ್ತಾರ. ಬಾಗಲದಾಗ ನಿಲ್ಲಿಸಿ ಯಾಕ ಬಂದ್ರಿ, ಏನ್ ಕೆಲಸಿತ್ತು ಅಂತ ಕೇಳ್ತೀವೇನು?"

ನಮ್ಮ ಕಡೆ ಮನೆಗೆ ಬರುವ ನೆಂಟರೆಲ್ಲ ಬೀಗರೇ. ಬಾಗಿಲ ಸಂದಿಯಲ್ಲಿ ಕೂತ ಪುತಳಿ ಕಣ್ಣ ಮುಂದೆ ಬಂದಳು. ನಾನು ಮಾಡಿದ್ದು ಅದೇ ಅಲ್ಲವೆ? ಎಲ್ಲಿಂದಲೋ ದೂರದಿಂದ ಬಿಸಿಲಲ್ಲಿ ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ, ಯಾಕೆ ಬಂದೆ ಎಂದು ಕೇಳಿದ್ದು.

ಮರುದಿನ ಒಂದು ಹಿತ್ತಾಳೆ ತಂಬಿಗೆ, ಒಂದು ಹಳೆಯ ಕೌದಿ, ಡಬ್ಬಿಯಲ್ಲಿ ಸ್ವಲ್ಪ ಬೆಲ್ಲ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಿನಾ ನೋಡುವ ಕಂಡಕ್ಟರು ಚೀಲದಿಂದ ಇಣುಕುತ್ತಿದ್ದ ಕೌದಿ ನೋಡಿ, "ಏನ್ರೀ ಟೀಚರ್, ಗಂಡನ ಕೂಡ ಜಗಳಾಡಿ ತವರಮನಿಗಿ ಹೊಂಟೀರೇನು?" ಎಂದ.

"ಇಲ್ರೀ, ಬೀಗರು ಬರೋರದಾರ," ಎಂದೆ.

*

ಬೀಗರು ಬರಲು ಬಹಳ ದಿನ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಪುತಳಿ ಬಂದಾಗಲೇ ಮುಖ ಬಿಗಿದಿತ್ತು. ಶುದ್ಧಬರಹ ಬರೆಯುವಾಗ ಬಳಪ ತುಂಡಾಯಿತು. ಅಷ್ಟೇ. ಎದ್ದು ಬಾಗಿಲ ಸಂದಿಗೆ ಓಡಿದಳು, ಚೀರು ಶುರುವಾಯಿತು.

ಎಲ್ಲ ಮಕ್ಕಳೂ ಏಳಹೊರಟರು. ಕೈಸನ್ನೆ ಮಾಡಿ ಕೂರಿಸಿದೆ. ಕಿಟಕಿಯ ಕೆಳಗೆ, ಗಾಳಿ ಬರುವ ಕಡೆ ಕೌದಿ ಹಾಸಿದೆ. ಮೂಲೆಯ ಗಡಿಗೆಯಿಂದ ತಂಬಿಗೆ ತುಂಬಿ, ಅವಳಿಂದ ಒಂದು ಮೊಳ ದೂರದಲ್ಲಿ ಇಟ್ಟೆ. ಪಕ್ಕದಲ್ಲಿ ಒಂದು ಚೂರು ಬೆಲ್ಲ. ಏನೂ ಕೇಳಲಿಲ್ಲ, ಮುಟ್ಟಲಿಲ್ಲ. ಬೋರ್ಡಿನ ಕಡೆ ತಿರುಗಿ, "ಎಲ್ಲಾರೂ ಬರೀರಿ," ಎಂದೆ.

ಹೇಳಿದಷ್ಟು ಸುಲಭವಿರಲಿಲ್ಲ. ಬೆನ್ನ ಹಿಂದೆ ಕೂಸು ಅಳುವಾಗ ತಿರುಗದೆ ನಿಲ್ಲುವುದು ಹೆತ್ತವಳಿಗೆ ಎಂಥ ಕೆಲಸ ಎಂದು ಹೆತ್ತವರಿಗೇ ಗೊತ್ತು. ಬರೆದದ್ದನ್ನೇ ಬರೆದೆ, ಅಳಿಸಿ ಮತ್ತೆ ಬರೆದೆ. ಚೀರು ಅಳುವಾಯಿತು, ಅಳು ಬಿಕ್ಕಾಯಿತು. ಆಮೇಲೆ ಒಂದು ಸಣ್ಣ ಸದ್ದು ಕೇಳಿಸಿತು, ತಂಬಿಗೆ ಪರಸಿಗೆ ತಾಗಿದ ಸದ್ದು. ಗಟಗಟ ನೀರು ಕುಡಿಯುವ ಸದ್ದು.

ತಿರುಗಿ ನೋಡಿದಾಗ ಅವಳು ಕೌದಿಯ ಮೇಲೆ ಬಂದು ಕೂತಿದ್ದಳು. ಕೆನ್ನೆಯೊಳಗೆ ಬೆಲ್ಲ ಉಬ್ಬಿತ್ತು.

ಊಟದ ಬಿಡುವಿನಲ್ಲಿ ನಾನು ಡಬ್ಬಿ ಬಿಚ್ಚಿ ಕೂತಾಗ ತಾನೇ ಹತ್ತಿರ ಬಂದಳು. ನನ್ನ ಮುಖ ನೋಡದೆ, ಕಿಟಕಿಯ ಸರಳು ಎಣಿಸುತ್ತ ಹೇಳಿದಳು, "ಅಜ್ಜಿ ಬಂದಿದ್ಳು. ನಾ ಮಲಗಿದಾಗ ಬಸ್ಸಿಗಿ ಹೋದ್ಳು. ಹೇಳಲೇ ಇಲ್ಲ."

"ಯಾವೂರು ಅಜ್ಜಿದು?"

"ಶರಣಸಿರಸಗಿ. ಮದುವಿ ಮನ್ಯಾಗ ಹಾಡ್ತಾಳ. ನಾ ಅಕಿ ಬಾಜು ಕುಂಡ್ರತಿದ್ದೆ."

ಅಷ್ಟೇ ಹೇಳಿ ಓಡಿಹೋದಳು. ಅಷ್ಟು ದಿನಗಳಲ್ಲಿ ಅವಳು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು.

ಮಕ್ಕಳು ಬಿಡಬೇಕಲ್ಲ. ಅಮೃತ, ದುಂಡು ಮುಖದ, ಯಾವಾಗಲೂ ಹಸಿದಿರುವ ಹುಡುಗಿ, ಎದ್ದು ನಿಂತು ಕೇಳಿದಳು: "ಟೀಚರ್ರೀ, ಅಕಿ ಅಳತಾಳ, ಅಕಿಗೇ ಬೆಲ್ಲ ಯಾಕ್ರೀ? ಕೌದಿ ಯಾಕ್ರೀ?"

"ಅಕಿ ಈಗ ನಮ್ಮ ಇಯತ್ತೆಗೆ ಬೀಗರು. ಸಿಟ್ಟು ಬಂದೋರು, ಅಳು ಬಂದೋರು ಎಲ್ಲಾರೂ ಬೀಗರೇ. ಮನಿಗಿ ಬೀಗರು ಬಂದ್ರ ನೀವು ಏನ್ ಮಾಡ್ತೀರಿ?"

"ನೀರು ಕೊಡ್ತೀವ್ರೀ!"

"ಯಾಕ ಬಂದೀರಿ ಅಂತ ಕೇಳ್ತೀರೇನು?"

"ಕೇಳಿದ್ರ ಅಜ್ಜಿ ಹೊಡೀತಾಳ್ರೀ!"

ಎಲ್ಲರೂ ನಕ್ಕರು. ಮಕ್ಕಳಿಗೆ ಅದು ತಟ್ಟನೆ ಹಿಡಿಸಿತು. ಮತ್ತೊಂದು ದಿನ ಪುತಳಿ ಮುಖ ಬಿಗಿದು ಎದ್ದಾಗ, ನಾನು ಏಳುವ ಮೊದಲೇ ಮೆಹಬೂಬಿ ಕೌದಿ ಹಾಸಿದ್ದಳು. ಹಣೆಯ ಗಾಯ ಮಾಯ್ದು ಬಿಳಿ ಗೆರೆಯಾಗಿತ್ತು. ತಂಬಿಗೆ ತುಂಬಿಟ್ಟು, ನನ್ನ ಹಾಗೆಯೇ ಬೆನ್ನು ತಿರುಗಿಸಿ ಕೂತು ತನ್ನ ಪಾಟಿಯಲ್ಲಿ ಬರೆಯತೊಡಗಿದಳು. ಪುತಳಿ ಅವಳ ಬೆನ್ನನ್ನು ಬಹಳ ಹೊತ್ತು ನೋಡಿದಳು.

ಆಮೇಲೆ ಬೀಗರು ಹೆಚ್ಚಾದರು. ಸೈಕಲ್ಲಿನಿಂದ ಬಿದ್ದವರು, ಮನೆಯಲ್ಲಿ ಬೈಸಿಕೊಂಡು ಬಂದವರು, ಮೇಕೆ ಮರಿ ಸತ್ತವರು. ಮೆಹಬೂಬಿಯೂ ಒಂದು ದಿನ ಬಂದು ಕೂತಳು, ಯಾಕೆಂದು ಇವತ್ತಿಗೂ ಹೇಳಿಲ್ಲ. ನನಗೇ ತಲೆ ಸಿಡಿದ ಒಂದು ದಿನ ಮಕ್ಕಳು ನನ್ನ ಮುಂದೆ ತಂಬಿಗೆ ತಂದಿಟ್ಟು ಬೆನ್ನು ತಿರುಗಿಸಿ ಕೂತರು. ಸುಳ್ಳು ಬೀಗರೂ ಬಂದರು.

"ಟೀಚರ್ರೀ, ನನಗ ಬಿ ಸಿಟ್ಟು ಬಂದದ್ರೀ," ಎಂದು ಅಮೃತ ಕೌದಿಯ ಮೇಲೆ ಕೂತಳು.

"ಯಾರ ಮ್ಯಾಲ?"

"ಹಾಂ! ಬೀಗರಿಗಿ ಕೇಳಬಾರದ್ರೀ. ಮೊದಲ ಬೆಲ್ಲ."

ಡಬ್ಬಿ ಬೇಗ ಬರಿದಾಯಿತು. ಇನ್ನು ನೀರು ಮಾತ್ರ ಎಂದು ಹೇಳಿದೆ. ಅಮೃತಳ ಸಿಟ್ಟು ಅವತ್ತೇ ಇಳಿಯಿತು. ಕಾಶಿರಾಯರು ಬಾಗಿಲಲ್ಲಿ ನಿಂತು, "ಟೀಚರ್, ಸಾಲಿ ನಡಸಾಕತ್ತೀರೋ, ಬೀಗರೂಟ ಹಾಕಾಕತ್ತೀರೋ?" ಎಂದು ಕೇಳಿ ಹೋದರು.

ಎಲ್ಲ ದಿನವೂ ಗೆಲ್ಲಲಿಲ್ಲ. ಒಂದು ಮಧ್ಯಾಹ್ನ ಪುತಳಿ ತಂಬಿಗೆಯನ್ನೇ ಒದ್ದಳು. ನೀರೆಲ್ಲ ಪರಸಿಯ ಮೇಲೆ ಹರಿಯಿತು. ಗಂಟೆ ಹೊಡೆಯುವವರೆಗೂ ಅತ್ತು, ಅಳುತ್ತಲೇ ಮನೆಗೆ ಹೋದಳು. ಆದರೆ ಪಾಟಿ ಒಗೆಯಲಿಲ್ಲ. ಮರುದಿನ ಹೊಸ್ತಿಲ ಮೇಲೆ ಅವಳೇ ಮೊದಲು ಕೂತಿದ್ದಳು.

*

ಮದುವೆಗಳ ಕಾಲ ಬಂತು. ಊರಲ್ಲಿ ದೊಡ್ಡದೊಂದು ಮದುವೆ ನಡೆದ ಮರುದಿನ. ಅರ್ಧ ಇಯತ್ತೆಯ ಕಣ್ಣಲ್ಲಿ ಇನ್ನೂ ನಿದ್ದೆ, ಅಂಗೈಯಲ್ಲಿ ಮದರಂಗಿ. ಹುಡುಗಿಯರ ಬಾಯಲ್ಲಿ ಮದುವೆಯದೇ ಮಾತು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಕೆಣಕುತ್ತಾರೆ. ಬೀಗತಿಯ ಮೂಗು, ಬೀಗತಿಯ ಸೀರೆ, ಬೀಗತಿ ಉಂಡ ಹೋಳಿಗೆ, ಒಂದನ್ನೂ ಬಿಡುವುದಿಲ್ಲ. ಅವರೂ ಹಾಡಿನಲ್ಲೇ ಉತ್ತರ ಕೊಡುತ್ತಾರೆ. ಕೊಡದಿದ್ದರೆ ಸೋತ ಹಾಗೆ. ಹಿಂದಿನ ದಿನವೆಲ್ಲ ಮಕ್ಕಳು ಅದನ್ನೇ ಕೇಳಿದ್ದರು.

ನಾನು ಮಕ್ಕಳಿಗೆ ಹೇಳಿದ್ದು ಬೀಗರಿಗೆ ನೀರು ಕೊಡಬೇಕು ಎಂಬುದಷ್ಟನ್ನು. ಬೀಗರಿಗೆ ಇನ್ನೂ ಏನೇನು ಮಾಡುತ್ತಾರೆ ಎಂಬುದು ಅವರಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ.

ಅವತ್ತು ಯಾರೋ ಓಡುವಾಗ ಪುತಳಿಯ ಪಾಟಿಯನ್ನು ತುಳಿದರು. ಮೊದಲೇ ಬಿಚ್ಚಿದ್ದ ಮೂಲೆ ಪೂರ್ತಿ ಕಳಚಿತು. ಪುತಳಿ ಮುಖ ಬಿಗಿದು ಎದ್ದಳು, ಆದರೆ ಬಾಗಿಲ ಸಂದಿಗೆ ಹೋಗಲಿಲ್ಲ. ತಾನೇ ಕೌದಿ ಹಾಸಿಕೊಂಡು, ಪಾಟಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಮೆಹಬೂಬಿ ನೀರಿಟ್ಟಳು. ಇದನ್ನೆಲ್ಲ ನೋಡಿ ನನ್ನ ಜೀವಕ್ಕೆ ಸಮಾಧಾನವಾಗಿ ನಾನು ಬೋರ್ಡಿಗೆ ತಿರುಗಿದೆ.

ಹಿಂದಿನಿಂದ ಅಮೃತಳ ದನಿ ಎದ್ದಿತು. ಮಿಕ್ಕ ಹುಡುಗಿಯರೂ ಚಪ್ಪಾಳೆ ತಟ್ಟುತ್ತ ಕೂಡಿಕೊಂಡರು.

"ಬಿಂಕದ ಬೀಗತಿ ಬಂದಾಳ ನೋಡ
ಬಾಗಲ ಸಂದ್ಯಾಗ ಅಡಗ್ಯಾಳ,
ನಮ್ಮೂರ ನೀರು ಕೊಟ್ಟರ ಈಕಿ
ಮೂಗು ಮುರದು ಕುಂತಾಳ!"

ತಿರುಗಿದೆ. ಪುತಳಿ ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು. ಪಾಟಿ ಹಿಡಿದ ಕೈ ಕಿವಿಯವರೆಗೆ ಏರಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಕಾಶಿರಾಯರು, ಅವರ ಹಿಂದೆ ಭಾಗಪ್ಪ.

ಭಾಗಪ್ಪ ಈ ಸಲ ದಣಿದಿರಲಿಲ್ಲ. ಕಣ್ಣು ಉರಿಯುತ್ತಿದ್ದವು. ಒಳಗೆ ಕಾಲಿಟ್ಟವನು ಕೌದಿ ನೋಡಿದ, ತಂಬಿಗೆ ನೋಡಿದ.

"ಖರೇ ಅದ ಹಂಗಾರ," ಎಂದ. "ಮದುವಿ ಮನ್ಯಾಗ ಮಂದಿ ಅಂದಾಗ ನಾ ನಂಬಿದ್ದಿಲ್ಲ. ನನ್ನ ಮಗಳಿಗಿ ಬ್ಯಾರೆ ತಂಬಿಗಿ, ಬ್ಯಾರೆ ಹಾಸಿಗಿ ಇಟ್ಟೀರಂತ. ಎಲ್ಲಾರಿಂದ ಬಾಜು ಕುಂಡ್ರಸ್ತೀರಂತ. ಯಾಕ್ರೀ ಟೀಚರ್, ನಾವು ಮಂದಿ ಅಲ್ಲೇನ್ರೀ? ನಡೀ ಪುತಳಿ, ಮನಿಗಿ. ಸರ, ಹೆಸರು ತಗೀರಿ."

ಬೇರೆ ತಂಬಿಗೆ. ಆ ಎರಡು ಪದ ನಮ್ಮ ಊರುಗಳಲ್ಲಿ ಎಷ್ಟು ಮನೆಗಳನ್ನು, ಎಷ್ಟು ತಲೆಮಾರುಗಳನ್ನು ಸುಟ್ಟಿವೆ ಎಂದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಪ್ರೀತಿಯಿಂದ ಇಟ್ಟ ತಂಬಿಗೆ ಹೊರಗಿನಿಂದ ಹಾಗೆ ಕಾಣಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಮಿಕ್ಕ ದಿನಗಳಲ್ಲಿ ಮಕ್ಕಳೆಲ್ಲ ಬೋರಿಂಗಿನ ಪಂಪಿನ ಕೆಳಗೆ ಬೊಗಸೆಯಲ್ಲೇ ಕುಡಿಯುತ್ತಿದ್ದರು. ಊರಿಗೆ ಕಂಡದ್ದು ಒಂದು ಹುಡುಗಿಯ ಮುಂದಿನ ಒಂದು ತಂಬಿಗೆ.

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಬಿಗಿದ ಮುಖ ಕಾಣಿಸಿತು. ಮಗಳ ಮುಖ ಬಿಗಿಯುವ ಹಾಗೇ. ಬಿಸಿಲಲ್ಲಿ ತೋಟದಿಂದ ನಡೆದು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

ಬಾಯಿ ಮುಚ್ಚಿದೆ. ಪುತಳಿಯ ಮುಂದಿದ್ದ ಅದೇ ತಂಬಿಗೆ ಎತ್ತಿ ಅವನ ಮುಂದೆ ಹಿಡಿದೆ. "ನೀರು ಕುಡೀರಿ ಭಾಗಪ್ಪ."

"ನೀರು ಬ್ಯಾಡ್ರೀ. ಮೊದಲ ಉತ್ತರ ಹೇಳ್ರಿ."

ಉತ್ತರ ನಾನು ಹೇಳಲಿಲ್ಲ. ಮೆಹಬೂಬಿ ಹೇಳಿದಳು. ಎದ್ದು ಬಂದು, ಸೊಂಟದ ಮೇಲೆ ಕೈ ಇಟ್ಟು, "ಬ್ಯಾರೆ ಎಲ್ಲಿ ಅದ ಕಾಕಾ? ನಾ ಬಿ ಇದರಾಗೇ ಕುಡ್ದೀನಿ. ಅಮೃತ ಬಿ ಕುಡ್ದಾಳ, ಸುಳ್ಳೇ ಸಿಟ್ಟು ಅಂತ ಹೇಳಿ. ಟೀಚರ್ ಬಿ ಕುಡ್ದಾರ. ಇದು ಬೀಗರ ತಂಬಿಗಿ. ಈಗ ನೀವು ಬೀಗರು. ಕುಡೀರಿ, ಆಮ್ಯಾಲ ಮಾತಾಡ್ರಿ. ಹಂಗೇ ಅದ ಇಲ್ಲಿ ಕಾನೂನು," ಎಂದಳು.

ಭಾಗಪ್ಪ ಅವಳ ಹಣೆಯ ಗೆರೆ ನೋಡಿದ. ಆ ಗೆರೆ ಯಾರಿಂದ ಆದದ್ದು ಎಂದು ಅವನಿಗೆ ಗೊತ್ತಿತ್ತು.

ಪುತಳಿಯ ಕೈ ಇನ್ನೂ ಮೇಲೆಯೇ ಇತ್ತು. ಎದುರಿಗೆ ಅಮೃತ, ಹಾಡು ಬಾಯಲ್ಲೇ ನಿಂತು, ಕಣ್ಣು ಪಿಳಿಪಿಳಿ ಮಾಡುತ್ತಿದ್ದಳು. ಅಮೃತಳನ್ನು ಗದರಿಸಬೇಕು ಅನಿಸಿತು. ಪುತಳಿಯ ಕೈ ಹಿಡಿಯಬೇಕು ಅನಿಸಿತು. ಆ ಪಾಟಿ ಹಾರಿತೆಂದರೆ ಎಲ್ಲ ಮುಗಿಯಿತು. ಕಾಶಿರಾಯರು ನೋಡುತ್ತಿದ್ದಾರೆ, ಅಪ್ಪ ಬಂದು ನಿಂತಿದ್ದಾನೆ. ಆದರೆ ಹೋಗಿ ಹಿಡಿದರೆ ನಾನು ಮತ್ತೆ ಬಾಗಿಲಲ್ಲಿ ನಿಲ್ಲಿಸಿ ಕೇಳುವವಳೇ ಆಗುತ್ತೇನೆ. ತಂಬಿಗೆಯನ್ನು ಮೆಹಬೂಬಿಯ ಕೈಗೆ ಕೊಟ್ಟು ನಾನು ಬೋರ್ಡಿನ ಕಡೆ ತಿರುಗಿದೆ. ಸುಣ್ಣದ ಕಡ್ಡಿ ಎತ್ತಿದೆ. ಏನು ಬರೆದೆನೋ ದೇವರೇ ಬಲ್ಲ.

ಆಗ ಒಂದು ದನಿ ಬಂತು. ಒಡಕು ದನಿ, ಅಳುವಿನಿಂದ ಒರಟಾದದ್ದು. ಮೊದಲ ಸಾಲು ನಡುಗಿತು, ಎರಡನೆಯದು ಕಾಲೂರಿ ನಿಂತಿತು, ಮೂರನೆಯದಕ್ಕೆ ಪಾಟಿಯ ಮೇಲೆ ಬೆರಳಿನ ತಾಳವೂ ಕೂಡಿತು.

"ನೀರ ಕೊಟ್ಟಾರ ನೀರ ಕೊಟ್ಟಾರ
ಬೆಲ್ಲ ಎಲ್ಲಿ ಮುಚ್ಚಿಟ್ಟಿರಿ?
ದುಂಡ ಮಾರಿ ಬೀಗತಿ ಒಬ್ಬಾಕಿ
ಕದ್ದು ತಿಂದಾಳ ಕೇಳ್ರಿ!"

ಇಯತ್ತೆ ಹೊಟ್ಟೆ ಹಿಡಿದು ನಕ್ಕಿತು. ಅಮೃತ ಎರಡೂ ಕೈಯಿಂದ ತನ್ನ ದುಂಡು ಮುಖ ಮುಚ್ಚಿಕೊಂಡಳು, ಬೆರಳ ಸಂದಿಯಿಂದ ಅವಳೂ ನಗುತ್ತಿದ್ದಳು. ನಾನು ತಿರುಗಿದಾಗ ಪುತಳಿಯ ಪಾಟಿ ಅವಳ ಎದೆಯ ಮೇಲೆ ಇಳಿದಿತ್ತು. ಅವಳು ನಗುತ್ತಿರಲಿಲ್ಲ. ಗಲ್ಲ ಎತ್ತಿ, ಗೆದ್ದ ಬೀಗತಿಯ ಹಾಗೆ, ಎದುರಿನವರ ಉತ್ತರಕ್ಕೆ ಕಾಯುತ್ತಿದ್ದಳು.

ಭಾಗಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದ. ಮೆಹಬೂಬಿಯ ಕೈಯಿಂದ ತಂಬಿಗೆ ಯಾವಾಗ ತೆಗೆದುಕೊಂಡನೋ, ಎತ್ತಿ ನೀರು ಕುಡಿದ. ಮೀಸೆ ಒರೆಸಿಕೊಂಡು, "ಇದು ಅವರಜ್ಜಿ ಧಾಟಿ," ಎಂದ. ಮಗಳನ್ನು ನೋಡುತ್ತಲೇ ಹೇಳಿದ. "ನನ್ನ ಮದುವ್ಯಾಗ ಮುದುಕಿ ನಮ್ಮ ಮಂದಿನ್ನೆಲ್ಲಾ ಹಿಂಗೇ ಹಾಡಿ ಹಾಡಿ ನೀರಿಳಿಸಿದ್ಳು. ನಮ್ಮವ್ವಗ ಒಂದು ಉತ್ತರ ಬಿ ಹೊಳೀಲಿಲ್ಲ. ಇಲ್ಲಿ ಬಂದಾಗಿಂದ ಇಕಿ ಬಾಯಾಗ ಒಂದ್ ಹಾಡು ಕೇಳಿದ್ದಿಲ್ರೀ ನಾ."

ಕಾಶಿರಾಯರು ಕೆಮ್ಮಿದರು. "ಮತ್ತ ಹೆಸರು...?"

ಭಾಗಪ್ಪ ತಂಬಿಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಪುತಳಿಯ ಗಲ್ಲ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಈಗ ಅವಳು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು.

"ಇರ್ಲಿ ಬಿಡ್ರಿ ಸರ, ಹೆಸರು ಇರ್ಲಿ," ಎಂದ. "ಕೂಸಿನ್ನ ಏನ್ ಮಾಡೋದಂತ ನೋಡ್ತೀನಿ. ಮುದುಕಿನ್ನೇ ಕರಸಬೇಕು. ಬರ್ತಾಳೋ ಇಲ್ಲೋ, ಅಕಿದು ದೊಡ್ಡ ದಿಮಾಕು. ನಾ ಕರದ್ರ ಬರಾಂಗಿಲ್ಲ."

"ನಾ ಕರದ್ರ ಬರ್ತಾಳ," ಎಂದಳು ಪುತಳಿ.

*

ಆ ಭಾನುವಾರ ಮಲ್ಲಣ್ಣನನ್ನು ಕರೆದುಕೊಂಡು ಶರಣಸಿರಸಗಿಗೆ ಹೋದೆ. ನಮ್ಮ ಮನೆಯಿಂದ ದೂರವೇನಲ್ಲ. ಮುದುಕಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಕೇಳಲಿಲ್ಲ. ನೀರು ಕೊಟ್ಟರು. ಕುಡಿದು ಮುಗಿಸಿ, ಮೊಮ್ಮಗಳು ಕಳಿಸಿದ ಮಾತು ಹೇಳಿದೆ: ಬೀಗತಿಯರು ಬಹಳ ಕಾಡುತ್ತಾರೆ, ಹೊಸ ಹಾಡು ಬೇಕು, ಬಾ.

"ಅಳಿಯನ ಮನ್ಯಾಗ ಹೋಗಿ ಇರಬಾರ್ದವ್ವಾ, ಮಂದಿ ನಗತಾರ," ಎಂದರು. ಆಮೇಲೆ ಮೊರ ಕೊಡವುತ್ತ, "ಎಂಥಾ ಹಾಡು ಹಾಡಿದ್ಳು? ಹೇಳು ನೋಡೋಣ," ಎಂದರು. ಹೇಳಿದೆ. ಎರಡನೆಯ ಸಾಲಿನಲ್ಲಿ ತಾಳ ತಪ್ಪಿದೆ ಎಂದರು. ಕಲಿಸಿದವರು ಹತ್ತಿರ ಇಲ್ಲದಿದ್ದರೆ ಹಾಗೇ ಆಗುವುದು ಎಂದರು. ಬರುತ್ತೇನೆಂದು ಮಾತ್ರ ಹೇಳಲಿಲ್ಲ.

ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಕಮಲಾಪುರದಲ್ಲಿ ಬಸ್ಸಿಳಿಯುವಾಗ ಹಿಂದಿನ ಬಾಗಿಲಿನಿಂದ ಒಂದು ಗಂಟು ಇಳಿಯಿತು. ಗಂಟಿನ ಹಿಂದೆ ಮುದುಕಿ.

ಪುತಳಿಯ ಸಿಟ್ಟು ಪೂರ್ತಿ ಹೋಯಿತು ಎಂದು ಹೇಳಲಾರೆ. ಬರುತ್ತಿತ್ತು, ಕೌದಿಯ ಮೇಲೆ ಕೂರುತ್ತಿತ್ತು, ನೀರು ಕುಡಿದು ಎದ್ದು ಹೋಗುತ್ತಿತ್ತು. ಗಡಿಗೆಯ ಬಾಜು ನಾನು ಇನ್ನೂ ನಾಲ್ಕು ತಂಬಿಗೆ ತಂದಿಟ್ಟೆ. ದಿನಾ ಎಲ್ಲರೂ ಅವುಗಳಲ್ಲೇ ಕುಡಿಯಲಿ, ಯಾವುದು ಬೀಗರದು ಎಂದು ಯಾರಿಗೂ ತಿಳಿಯದಿರಲಿ ಎಂದು.

ಬೇಸಿಗೆ ಸೂಟಿಗೆ ಮುಂಚಿನ ವಾರ. ಕಾಶಿರಾಯರು ಕಲಬುರಗಿಯ ಆಫೀಸಿಗೆ ಹೋಗಿ, ಕೆಲಸವಾಗದೆ, ಬಿಸಿಲಲ್ಲಿ ತಿರುಗಿ ಬಂದರು. ಬಂದವರೇ ಗಂಟೆ ಯಾಕೆ ಹೊಡೆದಿಲ್ಲ, ಬಾಗಿಲು ಯಾಕೆ ತೆರೆದಿದೆ, ಹೂಕುಂಡ ಯಾರು ಸರಿಸಿದರು ಎಂದು ಇಡೀ ಶಾಲೆಗೆ ಕೇಳುವಂತೆ ಕೂಗಾಡತೊಡಗಿದರು. ಮಾಸ್ತರರೆಲ್ಲ ತಮ್ಮ ತಮ್ಮ ಇಯತ್ತೆಯೊಳಗೆ ಅಡಗಿದರು. ನಾನು ಏನು ಮಾಡಲಿ ಎನ್ನುವಷ್ಟರಲ್ಲಿ ಪುತಳಿ ಎದ್ದು ಹೋದಳು. ಕೈಯಲ್ಲಿ ತುಂಬಿದ ತಂಬಿಗೆ.

ನಾನು ಹಿಂದೆ ಓಡಿದೆ. ಅವಳು ಅವರ ಮೇಜಿನ ಮೇಲೆ ತಂಬಿಗೆ ಇಟ್ಟಳು. ಬೆನ್ನು ತಿರುಗಿಸಿ, ಗೋಡೆಯ ಮೇಲಿನ ಭೂಪಟವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಳು.

ಕಾಶಿರಾಯರು ತಂಬಿಗೆ ನೋಡಿದರು. ಆ ಪುಟ್ಟ ಬೆನ್ನು ನೋಡಿದರು. ಕೂತರು. ಎತ್ತಿ ಕುಡಿದರು, ಪೂರ್ತಿ. ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಏನಬೇ ಬೀಗತಿ," ಎಂದರು ದನಿ ತಗ್ಗಿಸಿ. "ಬರೇ ನೀರೇನು? ಬೆಲ್ಲ ಎಲ್ಲಿ?"